ಅಮೋನಿಯವೇ ಅನ್ನ: ಅಡಿಕೆ ಬುಡದ ಕಾಣದ ಕೆಲಸಗಾರರು

ಫಲ ಕೊಡುವ ಅಡಿಕೆ ಮರವೊಂದಕ್ಕೆ ವರ್ಷಕ್ಕೆ 100 ಗ್ರಾಂ ಸಾರಜನಕ, 40 ಗ್ರಾಂ ರಂಜಕ, 140 ಗ್ರಾಂ ಪೊಟ್ಯಾಷ್. ಜೊತೆಗೆ 12 ಕಿಲೊ ಹಸಿರು ಸೊಪ್ಪು, 12 ಕಿಲೊ ಗೊಬ್ಬರ. ಪುತ್ತೂರು, ಸುಳ್ಯ, ಕಡಬ ತಾಲೂಕುಗಳ ಕೃಷಿಕರಿಗೆ ಈ ಲೆಕ್ಕವನ್ನು ಯಾರೂ ಹೊಸದಾಗಿ ಹೇಳಿಕೊಡಬೇಕಿಲ್ಲ. ಪಕ್ಕದ ವಿಟ್ಲದಲ್ಲಿ 1956ರಿಂದ ಅಡಿಕೆ ಸಂಶೋಧನಾ ಕೇಂದ್ರ ಇದೆ, ಕಡಬದ ನೆಟ್ಟಣ ಸಮೀಪದ ಕಿದುವಿನಲ್ಲಿ ತೆಂಗಿನ ತಳಿ ಸಂಗ್ರಹಾಲಯ ಇದೆ, ಪುತ್ತೂರಿನ ಮೊಟ್ಟೆತ್ತಡ್ಕದಲ್ಲಿ ಗೇರು ಸಂಶೋಧನಾ ನಿರ್ದೇಶನಾಲಯ ಇದೆ. ಎಷ್ಟು ಗೊಬ್ಬರ ಹಾಕಬೇಕು ಎಂಬುದಕ್ಕೆ ಈ ಸೀಮೆಯಲ್ಲಿ ಉತ್ತರಕ್ಕೆ ಬರವಿಲ್ಲ.

ಹಾಕಿದ್ದು ಎಲ್ಲಿಗೆ ಹೋಗುತ್ತದೆ ಎಂಬ ಪ್ರಶ್ನೆಯನ್ನು ಮಾತ್ರ ನಾವು ಅಷ್ಟಾಗಿ ಕೇಳುವುದಿಲ್ಲ. 100 ಗ್ರಾಂ ಸಾರಜನಕವನ್ನು ಯೂರಿಯಾದಿಂದಲೇ ಕೊಡುವುದಾದರೆ ಸುಮಾರು 217 ಗ್ರಾಂ ಬೇಕು. ಬುಡ ಬಿಡಿಸಿ ಅದನ್ನು ಎರಚಿ ಸೊಪ್ಪು ಮುಚ್ಚಿದರೆ ನಮ್ಮ ಕೆಲಸ ಮುಗಿಯಿತು. ಮಣ್ಣಿನೊಳಗೆ ಕೆಲಸ ಶುರುವಾಗುವುದೇ ಆಗ. ಯೂರಿಯೇಸ್ ಎಂಬ ಕಿಣ್ವ ಕೆಲವೇ ದಿನಗಳಲ್ಲಿ ಯೂರಿಯಾವನ್ನು ಒಡೆದು ಅಮೋನಿಯ ಮಾಡುತ್ತದೆ. ಆ ಅಮೋನಿಯವನ್ನು ನೈಟ್ರೈಟ್ ಆಗಿಯೂ ನೈಟ್ರೈಟನ್ನು ನೈಟ್ರೇಟ್ ಆಗಿಯೂ ಬದಲಿಸುವ ಸೂಕ್ಷ್ಮಜೀವಿಗಳು ಮಣ್ಣಿನಲ್ಲಿ ಕಾದೇ ಇರುತ್ತವೆ. ಇವು ಮರಕ್ಕೆ ಉಪಕಾರ ಮಾಡಲು ಹೊರಟವಲ್ಲ. ಆ ಬದಲಾವಣೆಯಲ್ಲಿ ಸಿಗುವ ಶಕ್ತಿಯೇ ಇವುಗಳ ಹೊಟ್ಟೆಪಾಡು. ಮರಕ್ಕೆ ಎಷ್ಟು ದಕ್ಕಿತು, ಕಣಿಯ ನೀರಿನಲ್ಲಿ ಎಷ್ಟು ಹೋಯಿತು, ಮಣ್ಣು ಎಷ್ಟು ಹುಳಿಯಾಯಿತು ಎಂಬ ಮೂರೂ ಲೆಕ್ಕಗಳನ್ನು ಬಹುಮಟ್ಟಿಗೆ ಬರೆಯುವವು ಇವೇ. ಇವುಗಳ ಬದುಕನ್ನು ತಿಳಿಯದೆ ಗೊಬ್ಬರದ ಲೆಕ್ಕ ಪೂರ್ತಿಯಾಗುವುದಿಲ್ಲ ಎಂಬುದು ಈ ಲೇಖನದ ವಾದ.

ಪೆಟ್ಲುಪ್ಪಿನಿಂದ ಪ್ರಯೋಗಶಾಲೆಗೆ

ಇವುಗಳ ದುಡಿಮೆಯ ಫಲವನ್ನು ಮನುಷ್ಯ ಬಳಸತೊಡಗಿದ್ದು ಇವುಗಳ ಇರವು ಗೊತ್ತಾಗುವ ಎಷ್ಟೋ ಶತಮಾನ ಮೊದಲು. ಏಪ್ರಿಲ್ 17ರ ರಾತ್ರಿ ಪುತ್ತೂರು ಮಹಾಲಿಂಗೇಶ್ವರನ ಜಾತ್ರೆಯ ಬೆಡಿ ನೋಡದವರು ಈ ಸೀಮೆಯಲ್ಲಿ ಕಡಿಮೆ. ಬೆಡಿಮದ್ದಿನ ಹಳೆಯ ಪಾಕದಲ್ಲಿ ಮುಕ್ಕಾಲು ಪಾಲು ಪೆಟ್ಲುಪ್ಪು, ಉಳಿದದ್ದು ಇದ್ದಿಲು ಮತ್ತು ಗಂಧಕ. ಪೆಟ್ಲುಪ್ಪು ಅಂದರೆ ಪೊಟ್ಯಾಸಿಯಂ ನೈಟ್ರೇಟ್. ಈಗ ಅದು ಕಾರ್ಖಾನೆಯಲ್ಲಿ ತಯಾರಾಗುತ್ತದೆ. ಹಿಂದೆ ದನದ ಹಟ್ಟಿಯ ನೆಲ, ಹಳೆಯ ಗೋಡೆ, ತಿಪ್ಪೆಯ ಬದಿಯ ಮಣ್ಣನ್ನು ಕೆರೆದು, ನೀರಿನಲ್ಲಿ ಕರಗಿಸಿ, ಬೂದಿ ಸೇರಿಸಿ ಕಾಯಿಸಿ ತೆಗೆಯುತ್ತಿದ್ದರು. ಬಿಹಾರದ ಪೆಟ್ಲುಪ್ಪಿಗಾಗಿ ಐರೋಪ್ಯ ಕಂಪನಿಗಳು ಪೈಪೋಟಿ ನಡೆಸಿದ್ದವು. ದನದ ಮೂತ್ರದ ಸಾರಜನಕ ಮಣ್ಣಿನಲ್ಲಿ ನೈಟ್ರೇಟ್ ಆಗುತ್ತದೆ ಎಂಬುದು ಅನುಭವಕ್ಕೆ ಬಂದಿತ್ತು. ಮಾಡುವವರು ಯಾರು ಎಂಬುದು ತಿಳಿದಿರಲಿಲ್ಲ.

1877ರಲ್ಲಿ ಫ್ರಾನ್ಸಿನ ಶ್ಲೋಸಿಂಗ್ ಮತ್ತು ಮ್ಯೂಂಟ್ಜ್ ಎಂಬ ಇಬ್ಬರು ಒಂದು ಸರಳ ಪ್ರಯೋಗ ಮಾಡಿದರು. ಮರಳು ಮತ್ತು ಸುಣ್ಣಕಲ್ಲಿನ ಪುಡಿ ತುಂಬಿದ ಕೊಳವೆಯ ಮೂಲಕ ಚರಂಡಿ ನೀರನ್ನು ಮೆಲ್ಲಗೆ ಇಳಿಯಬಿಟ್ಟರು. ಮೊದಲ ಇಪ್ಪತ್ತು ದಿನ ಏನೂ ಆಗಲಿಲ್ಲ, ಮೇಲೆ ಹೊಯ್ದ ಅಮೋನಿಯ ಕೆಳಗೆ ಅಮೋನಿಯವಾಗಿಯೇ ಬಂತು. ಆಮೇಲೆ ನೈಟ್ರೇಟ್ ಕಾಣಿಸಿಕೊಂಡಿತು. ಕ್ಲೋರೋಫಾರ್ಮಿನ ಆವಿ ಹಾಯಿಸಿದಾಗ ನೈಟ್ರೇಟ್ ನಿಂತಿತು. ಕ್ಲೋರೋಫಾರ್ಮ್ ಹೋದ ಮೇಲೆ ತೋಟದ ಹಿಡಿ ಮಣ್ಣನ್ನು ತೊಳೆದ ನೀರು ಹೊಯ್ದರೆ ಕೆಲಸ ಮತ್ತೆ ಶುರು. ಬರೀ ರಾಸಾಯನಿಕ ಕ್ರಿಯೆಯಾಗಿದ್ದರೆ ಇಪ್ಪತ್ತು ದಿನ ಕಾಯಬೇಕಿರಲಿಲ್ಲ, ಕ್ಲೋರೋಫಾರ್ಮಿಗೆ ಬೆದರಬೇಕಿರಲಿಲ್ಲ. ಜೀವವೊಂದು ಇದನ್ನು ಮಾಡುತ್ತಿದೆ ಎಂದು ಖಾತ್ರಿಯಾಯಿತು.

ಇಂಗ್ಲೆಂಡಿನ ರಾಥಮ್‌ಸ್ಟೆಡ್ ಕೃಷಿ ಕೇಂದ್ರದಲ್ಲಿ ರಾಬರ್ಟ್ ವಾರಿಂಗ್ಟನ್ ಮುಂದಿನ ಹೆಜ್ಜೆ ಇಟ್ಟರು. ಅಮೋನಿಯವನ್ನು ನೈಟ್ರೈಟ್ ಮಾಡುವವರು ಬೇರೆ, ನೈಟ್ರೈಟನ್ನು ನೈಟ್ರೇಟ್ ಮಾಡುವವರು ಬೇರೆ ಎಂದು ಅವರು ತೋರಿಸಿದರು. ಆದರೆ ಇವುಗಳನ್ನು ಬೇರ್ಪಡಿಸಿ ಬೆಳೆಸಲು ಅವರಿಗಾಗಲಿಲ್ಲ. ಆಗಿನ ಪ್ರಯೋಗಶಾಲೆಗಳಲ್ಲಿ ಬ್ಯಾಕ್ಟೀರಿಯಾ ಬೆಳೆಸುತ್ತಿದ್ದದ್ದು ಮಾಂಸದ ಸಾರು, ಜೆಲಾಟಿನ್ ಹಾಕಿದ ತಟ್ಟೆಗಳಲ್ಲಿ. ಅಂಥ ಪುಷ್ಕಳ ಊಟ ಇವಕ್ಕೆ ಬೇಡವಾಗಿತ್ತು.

1890ರ ಹೊತ್ತಿಗೆ ಜ್ಯೂರಿಕ್‌ನಲ್ಲಿದ್ದ ರಷ್ಯದ ವಿಜ್ಞಾನಿ ಸೆರ್ಗೆಯ್ ವಿನೋಗ್ರಾದ್‌ಸ್ಕಿ ಈ ಗಂಟನ್ನು ಬಿಡಿಸಿದರು. ಸಾವಯವ ಪದಾರ್ಥ ಏನೂ ಇಲ್ಲದ, ಅಮೋನಿಯಂ ಲವಣ ಮತ್ತು ಕೆಲವು ಖನಿಜಗಳಷ್ಟೇ ಇದ್ದ ನೀರಿನಲ್ಲಿ ಅವರು ಇವನ್ನು ಬೆಳೆಸಿದರು; ಗಟ್ಟಿ ತಟ್ಟೆಗೆ ಜೆಲಾಟಿನ್ ಬದಲು ಸಿಲಿಕಾ ಬಳಸಿದರು. ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್ ಎಂಬ ಹೆಸರುಗಳನ್ನು ಕೊಟ್ಟವರೂ ಅವರೇ. ಅದಕ್ಕಿಂತ ದೊಡ್ಡ ವಿಷಯವೆಂದರೆ, ಬೆಳಕಿಲ್ಲದೆ, ಬೇರೆ ಜೀವಿಯ ದೇಹವನ್ನು ಉಣ್ಣದೆ, ಬರೀ ಖನಿಜವನ್ನು ಉತ್ಕರ್ಷಿಸಿ ಅದರ ಶಕ್ತಿಯಿಂದ ಗಾಳಿಯ ಇಂಗಾಲದ ಡೈಆಕ್ಸೈಡನ್ನು ತನ್ನ ದೇಹವಾಗಿಸಿಕೊಳ್ಳುವ ಬದುಕೊಂದಿದೆ ಎಂದು ಇದರಿಂದ ಸಿದ್ಧವಾಯಿತು. ಹಸಿರು ಎಲೆ ಬಿಸಿಲಿನಿಂದ ಮಾಡುವುದನ್ನು ಈ ಜೀವಿಗಳು ಅಮೋನಿಯದಿಂದ ಮಾಡುತ್ತವೆ.

ಅಮೋನಿಯದಲ್ಲಿ ಶಕ್ತಿ ಎಲ್ಲಿದೆ?

ಬೆಳಗ್ಗೆ ಹಟ್ಟಿಯ ಬಾಗಿಲು ತೆಗೆದಾಗ ಮೂಗಿಗೆ ಹೊಡೆಯುವ ಘಾಟು ಅಮೋನಿಯದ್ದು. ಸುಳ್ಯದ ರಬ್ಬರ್ ತೋಟಗಳಲ್ಲಿ ಹಾಲು ಬೇಗ ಹೆಪ್ಪುಗಟ್ಟದಂತೆ ಹಾಕುವ ದ್ರಾವಣದ ಘಾಟೂ ಅದೇ. ಒಂದು ಸಾರಜನಕ, ಮೂರು ಜಲಜನಕ ಸೇರಿದ ಈ ಅಣುವಿನಲ್ಲಿ ಎಲೆಕ್ಟ್ರಾನುಗಳು ಸಮೃದ್ಧವಾಗಿವೆ. ಅವನ್ನು ಕಿತ್ತು ಆಮ್ಲಜನಕಕ್ಕೆ ದಾಟಿಸಿದರೆ ಶಕ್ತಿ ಬಿಡುಗಡೆಯಾಗುತ್ತದೆ. ನಾವು ಅನ್ನದ ಎಲೆಕ್ಟ್ರಾನನ್ನು ಉಸಿರಿನ ಆಮ್ಲಜನಕಕ್ಕೆ ದಾಟಿಸಿ ಬದುಕುವುದೂ ಇದೇ ಕ್ರಮದಲ್ಲಿ.

ಆದರೆ ಅಮೋನಿಯ ಸುಲಭಕ್ಕೆ ಬಗ್ಗುವ ಅಣುವಲ್ಲ. ನೈಟ್ರೊಸೊಮೊನಾಸ್‌ನ ಪೊರೆಯಲ್ಲಿ ಕೂತಿರುವ ಅಮೋನಿಯ ಮಾನೊಆಕ್ಸಿಜಿನೇಸ್ ಎಂಬ ಕಿಣ್ವ ಮೊದಲು ಅದಕ್ಕೆ ಆಮ್ಲಜನಕದ ಒಂದು ಪರಮಾಣುವನ್ನು ಜೋಡಿಸಿ ಹೈಡ್ರಾಕ್ಸಿಲಮೀನ್ ಮಾಡುತ್ತದೆ. ತಾಮ್ರವಿಲ್ಲದೆ ಈ ಕಿಣ್ವ ನಡೆಯದು. ಈ ಹಂತದಲ್ಲಿ ಆದಾಯವಿಲ್ಲ, ಖರ್ಚೇ: ಎರಡು ಎಲೆಕ್ಟ್ರಾನುಗಳನ್ನು ಕೈಯಿಂದ ಹಾಕಬೇಕು. ಗಳಿಕೆ ಶುರುವಾಗುವುದು ಎರಡನೆಯ ಹಂತದಲ್ಲಿ. ಹೈಡ್ರಾಕ್ಸಿಲಮೀನ್ ನೈಟ್ರೈಟ್ ಆಗುವವರೆಗೆ ನಾಲ್ಕು ಎಲೆಕ್ಟ್ರಾನುಗಳು ಸಿಗುತ್ತವೆ. ನಡುವೆ ನೈಟ್ರಿಕ್ ಆಕ್ಸೈಡ್ ಎಂಬ ಅನಿಲದ ಘಟ್ಟವೊಂದಿದೆ ಎಂಬುದು 2017ರಲ್ಲಿ ಪ್ರಕಟವಾದ ಸಂಶೋಧನೆಯಿಂದ ಸ್ಪಷ್ಟವಾಯಿತು. ಅದಕ್ಕೆ ಮೊದಲಿನ ಪಠ್ಯಪುಸ್ತಕಗಳು ಹೈಡ್ರಾಕ್ಸಿಲಮೀನ್ ನೇರವಾಗಿ ನೈಟ್ರೈಟ್ ಆಗುತ್ತದೆ ಎಂದು ಹೇಳುತ್ತಿದ್ದವು. ಸಿಕ್ಕ ನಾಲ್ಕರಲ್ಲಿ ಎರಡು ಮುಂದಿನ ಅಮೋನಿಯ ಅಣುವಿನ ಮೊದಲ ಹಂತಕ್ಕೆ ಬಂಡವಾಳವಾಗಿ ವಾಪಸು ಹೋಗುತ್ತವೆ. ಕೈಯಲ್ಲಿ ಉಳಿಯುವುದು ಎರಡು.

ಆ ಎರಡು ಎಲೆಕ್ಟ್ರಾನುಗಳು ಪೊರೆಯ ಪ್ರೋಟೀನುಗಳ ಸಾಲಿನಲ್ಲಿ ಹಾದು ಆಮ್ಲಜನಕವನ್ನು ಸೇರುವಾಗ ಪ್ರೋಟಾನುಗಳು ಪೊರೆಯ ಹೊರಗೆ ತಳ್ಳಲ್ಪಡುತ್ತವೆ. ಹೊರಗೆ ಒತ್ತಡ ಏರಿದ ಪ್ರೋಟಾನುಗಳು ಎಟಿಪಿ ಸಿಂಥೇಸ್ ಎಂಬ ಕಿಣ್ವದ ಮೂಲಕ ಒಳಕ್ಕೆ ನುಗ್ಗುತ್ತವೆ, ಆ ರಭಸಕ್ಕೆ ಎಟಿಪಿ ತಯಾರಾಗುತ್ತದೆ. ಜೀವಕೋಶದ ಎಲ್ಲ ಕೆಲಸಕ್ಕೂ ಚಲಾವಣೆಯಾಗುವ ಶಕ್ತಿಯ ನಾಣ್ಯ ಇದು.

ಅಮೋನಿಯ ನೈಟ್ರೈಟ್ ಆದಾಗ ಒಂದು ಮೋಲ್‌ಗೆ ಸುಮಾರು 275 ಕಿಲೊಜೂಲ್ ಶಕ್ತಿ ಬಿಡುಗಡೆಯಾಗುತ್ತದೆ. ನೈಟ್ರೈಟ್ ನೈಟ್ರೇಟ್ ಆದಾಗ ಸಿಗುವುದು ಬರೀ 74. ನೈಟ್ರೊಬ್ಯಾಕ್ಟರ್ ಮತ್ತು ಅದರ ಬಳಗ ಈ ಅಲ್ಪದಲ್ಲೇ ಸಂಸಾರ ತೂಗಿಸುತ್ತವೆ. ನೈಟ್ರೈಟ್ ಆಕ್ಸಿಡೊರಿಡಕ್ಟೇಸ್ ಎಂಬ ಕಿಣ್ವ ನೈಟ್ರೈಟಿನಿಂದ ಎರಡು ಎಲೆಕ್ಟ್ರಾನ್ ಕೀಳುತ್ತದೆ. ನೈಟ್ರೇಟಿಗೆ ಸೇರುವ ಹೆಚ್ಚುವರಿ ಆಮ್ಲಜನಕ ಗಾಳಿಯದ್ದಲ್ಲ, ನೀರಿನ ಅಣುವಿನದು. ಗಾಳಿಯ ಆಮ್ಲಜನಕ ಬೇಕಾಗುವುದು ಎಲೆಕ್ಟ್ರಾನುಗಳನ್ನು ಕೊನೆಗೆ ಇಳಿಸಿಕೊಳ್ಳಲು.

ಇನ್ನೊಂದು ತೊಡಕಿದೆ. ಇಂಗಾಲದ ಡೈಆಕ್ಸೈಡನ್ನು ಸಕ್ಕರೆಯಾಗಿಸಲು ಎನ್‌ಎಡಿಎಚ್ ಎಂಬ ಬಲವಾದ ಎಲೆಕ್ಟ್ರಾನ್ ವಾಹಕ ಬೇಕು. ನೈಟ್ರೈಟಿನ ಎಲೆಕ್ಟ್ರಾನುಗಳಿಗೆ ಅಷ್ಟು ಬಲವಿಲ್ಲ. ಅವುಗಳ ಮಟ್ಟ ಸುಮಾರು 430 ಮಿಲಿವೋಲ್ಟ್ ಧನದಲ್ಲಿ, ಎನ್‌ಎಡಿಎಚ್‌ನದು 320 ಮಿಲಿವೋಲ್ಟ್ ಋಣದಲ್ಲಿ. ಹಾಗಾಗಿ ಕಷ್ಟಪಟ್ಟು ಕೂಡಿಟ್ಟ ಪ್ರೋಟಾನ್ ಒತ್ತಡವನ್ನೇ ಖರ್ಚು ಮಾಡಿ ಎಲೆಕ್ಟ್ರಾನುಗಳನ್ನು ಹಿಮ್ಮುಖವಾಗಿ ಮೇಲೇರಿಸಬೇಕು. ಅಮೋನಿಯ ಉಣ್ಣುವವರಿಗೂ ಈ ಖರ್ಚು ತಪ್ಪಿದ್ದಲ್ಲ. ಇಷ್ಟೆಲ್ಲ ಕಳೆದು ನೋಡಿದರೆ, ಇಂಗಾಲದ ಒಂದು ಪರಮಾಣುವನ್ನು ದೇಹಕ್ಕೆ ಸೇರಿಸಲು ನೈಟ್ರೊಸೊಮೊನಾಸ್ ಮೂವತ್ತರ ಆಸುಪಾಸು ಅಮೋನಿಯ ಅಣುಗಳನ್ನು, ನೈಟ್ರೊಬ್ಯಾಕ್ಟರ್ ನೂರರ ಆಸುಪಾಸು ನೈಟ್ರೈಟ್ ಅಣುಗಳನ್ನು ದಾಟಿಸಬೇಕು.

ಕ್ವಿಂಟಲಿಗೆ ಚಿಕ್ಕಾಸು ಲಾಭ ಇಟ್ಟುಕೊಂಡು ಲೋಡುಗಟ್ಟಲೆ ಮಾಲು ಸಾಗಿಸುವ ಅಡಿಕೆ ವ್ಯಾಪಾರಿಯ ರೀತಿ ಇವುಗಳದು: ಲಾಭ ಸಣ್ಣದು, ವಹಿವಾಟು ದೊಡ್ಡದು. ಈ ಕಾರಣದಿಂದಲೇ ಇವು ಬೆಳೆಯುವುದು ನಿಧಾನ. ಅನ್ನ ಹಳಸುವ ಬ್ಯಾಕ್ಟೀರಿಯಾ ಅರ್ಧ ಗಂಟೆಯೊಳಗೆ ಇಮ್ಮಡಿಯಾಗಬಲ್ಲದು. ಇವಕ್ಕೆ ಅನುಕೂಲ ಪರಿಸ್ಥಿತಿಯಲ್ಲೂ ಹಲವು ಗಂಟೆ, ಮಣ್ಣಿನಲ್ಲಿ ದಿನಗಳೇ ಬೇಕು. ಫ್ರೆಂಚರ ಕೊಳವೆಯಲ್ಲಿ ಇಪ್ಪತ್ತು ದಿನ ಏನೂ ಕಾಣದಿದ್ದದ್ದೂ ಇದಕ್ಕೇ. ಸಂಖ್ಯೆಯಲ್ಲಿ ಮಣ್ಣಿನ ಜೀವರಾಶಿಯ ಸಣ್ಣ ಪಾಲಾಗಿದ್ದರೂ ಸಾರಜನಕದ ಹರಿವಿನ ಮೇಲೆ ಇವುಗಳ ಹಿಡಿತ ಇಷ್ಟು ದೊಡ್ಡದಾಗಿರುವುದೂ ಇದಕ್ಕೇ.

ಹುಳಿ ಮಣ್ಣಿನ ಒಗಟು

ನಮ್ಮದು ಮುರಕಲ್ಲಿನ ಸೀಮೆ. ವರ್ಷಕ್ಕೆ ಮೂರೂವರೆ–ನಾಲ್ಕು ಸಾವಿರ ಮಿಲಿಮೀಟರ್, ಘಟ್ಟದ ಬುಡದ ಸುಬ್ರಹ್ಮಣ್ಯದ ಕಡೆ ಅದಕ್ಕಿಂತಲೂ ಹೆಚ್ಚು ಸುರಿಯುವ ಮಳೆ ಸುಣ್ಣದ ಅಂಶವನ್ನು ತೊಳೆದುಕೊಂಡು ಹೋಗಿ ಮಣ್ಣನ್ನು ಹುಳಿಯಾಗಿಸಿದೆ. ರಸಸಾರ, ಅಂದರೆ ಪಿಎಚ್, ಐದು–ಐದೂವರೆಯ ಮಣ್ಣು ಇಲ್ಲಿ ಮಾಮೂಲು. ಇಲ್ಲೊಂದು ಒಗಟು ಹುಟ್ಟುತ್ತದೆ. ಅಮೋನಿಯ ಉಣ್ಣುವ ಕಿಣ್ವಕ್ಕೆ ಬೇಕಾದದ್ದು ಅಮೋನಿಯ ಅಣು. ಹುಳಿ ನೀರಿನಲ್ಲಿ ಅದು ಪ್ರೋಟಾನ್ ಹಿಡಿದುಕೊಂಡು ಅಮೋನಿಯಂ ಅಯಾನ್ ಆಗಿಬಿಡುತ್ತದೆ. ರಸಸಾರ ಐದೂಕಾಲು ಇದ್ದರೆ ಹತ್ತು ಸಾವಿರ ಅಣುಗಳಲ್ಲಿ ಒಂದು ಮಾತ್ರ ಅಮೋನಿಯವಾಗಿ ಉಳಿದೀತು. ಪ್ರಯೋಗಶಾಲೆಯ ನೈಟ್ರೊಸೊಮೊನಾಸ್ ರಸಸಾರ ಆರೂವರೆಗಿಂತ ಕೆಳಗಿಳಿದರೆ ಸೊರಗುತ್ತದೆ. ಹಾಗಿದ್ದೂ ಹುಳಿ ಮಣ್ಣಿನಲ್ಲಿ, ಚಹಾ ತೋಟದಲ್ಲಿ, ಕಾಡಿನಲ್ಲಿ ನೈಟ್ರೇಟ್ ತಯಾರಾಗುತ್ತಲೇ ಇರುತ್ತದೆ. ಮಾಡುವವರು ಯಾರು?

ಉತ್ತರ ಬರಲು ನೂರು ವರ್ಷಕ್ಕೂ ಮಿಕ್ಕಿ ಬೇಕಾಯಿತು. 2005ರಲ್ಲಿ ಅಮೆರಿಕದ ಸಿಯಾಟಲ್‌ನ ಮತ್ಸ್ಯಾಲಯವೊಂದರ ತೊಟ್ಟಿಯಿಂದ ಅಮೋನಿಯ ಉಣ್ಣುವ ಹೊಸ ಜೀವಿಯನ್ನು ಬೇರ್ಪಡಿಸಿದರು. ಅದು ಬ್ಯಾಕ್ಟೀರಿಯಾ ಅಲ್ಲ, ಆರ್ಕಿಯಾ ಎಂಬ ಬೇರೆಯೇ ಕುಲದ್ದು. ಮರುವರ್ಷವೇ, ಹಲವು ಬಗೆಯ ಮಣ್ಣುಗಳಲ್ಲಿ ಅಮೋನಿಯ ಉಣ್ಣುವ ಬ್ಯಾಕ್ಟೀರಿಯಾಗಳಿಗಿಂತ ಆರ್ಕಿಯಾಗಳೇ ಹೆಚ್ಚಿವೆ ಎಂಬ ವರದಿ ಬಂತು. ತೀರಾ ಕಡಿಮೆ ಅಮೋನಿಯ ಇರುವಲ್ಲೂ ಇವು ಬದುಕಬಲ್ಲವು. 2011ರಲ್ಲಿ ಸ್ಕಾಟ್ಲೆಂಡಿನ ಹುಳಿ ಮಣ್ಣಿನಿಂದ ಬೇರ್ಪಡಿಸಿದ ನೈಟ್ರೊಸೊಟಾಲಿಯಾ ಎಂಬ ಆರ್ಕಿಯಾಕ್ಕಂತೂ ರಸಸಾರ ನಾಲ್ಕು–ಐದರ ನಡುವಣ ಹುಳಿಯೇ ಬೇಕು. 2017ರಲ್ಲಿ ಜಪಾನಿನ ಚಹಾ ತೋಟದ ಮಣ್ಣಿನಿಂದ ಹುಳಿ ತಾಳುವ ಬ್ಯಾಕ್ಟೀರಿಯಾವೊಂದೂ ಸಿಕ್ಕಿತು.

ಇನ್ನೊಂದು ಹಳೆಯ ನಂಬಿಕೆ 2015ರಲ್ಲಿ ಬಿತ್ತು. ಒಂದು ಹಂತಕ್ಕೆ ಒಬ್ಬರು, ಇನ್ನೊಂದಕ್ಕೆ ಇನ್ನೊಬ್ಬರು ಎಂಬ ವಾರಿಂಗ್ಟನ್ ಕಾಲದ ಪಾಠಕ್ಕೆ ಅಪವಾದವಾಗಿ, ಅಮೋನಿಯದಿಂದ ನೈಟ್ರೇಟಿನವರೆಗೆ ಇಡೀ ಕೆಲಸವನ್ನು ಒಂಟಿಯಾಗಿ ಮಾಡುವ ನೈಟ್ರೊಸ್ಪೈರಾ ಬ್ಯಾಕ್ಟೀರಿಯಾಗಳನ್ನು ಎರಡು ಸಂಶೋಧನಾ ತಂಡಗಳು ಒಟ್ಟೊಟ್ಟಿಗೆ ಪ್ರಕಟಿಸಿದವು. ಹಾಗಾಗಿ ಶಾಲೆಯ ಪುಸ್ತಕದಲ್ಲಿ ಈಗಲೂ ಇರುವ ‘ನೈಟ್ರೊಸೊಮೊನಾಸ್, ನೈಟ್ರೊಬ್ಯಾಕ್ಟರ್’ ಎಂಬ ಜೋಡಿ ಹೆಸರು ಸುಳ್ಳಲ್ಲ, ಆದರೆ ಅದು ಕಥೆಯ ಒಂದು ತುಣುಕು. ಹುಳಿಯ ಕಾರಣಕ್ಕೆ ನಮ್ಮ ತೋಟದಲ್ಲಿ ನೈಟ್ರೀಕರಣವೇ, ಅಂದರೆ ಅಮೋನಿಯ ನೈಟ್ರೇಟ್ ಆಗುವ ಕೆಲಸವೇ, ನಡೆಯದು ಎಂಬ ವಾದ ಈಗ ನಿಲ್ಲುವುದಿಲ್ಲ. ವೇಗ ತಗ್ಗಬಹುದು, ಕೆಲಸ ನಿಲ್ಲದು.

ಹಟ್ಟಿ, ಗದ್ದೆ, ತೋಟ

ಈ ವಿಜ್ಞಾನವನ್ನು ಕೈಗೆಟಕುವ ಜಾಗದಲ್ಲೇ ನೋಡಬಹುದು. ಹಟ್ಟಿಯಲ್ಲಿ ಸೊಪ್ಪು ಹಾಸಿ, ದನ ತುಳಿದ ಗೊಬ್ಬರವನ್ನು ಗುಂಡಿಗೆ ಹಾಕಿ ಕೊಳೆಸುವ ಕ್ರಮದಲ್ಲಿ ಸಾರಜನಕದ ಬಹುಪಾಲು ಸೊಪ್ಪಿನ ಇಂಗಾಲದೊಡನೆ ಹೆಣೆದುಕೊಂಡು ಸೂಕ್ಷ್ಮಜೀವಿಗಳ ದೇಹದಲ್ಲಿ ಉಳಿಯುತ್ತದೆ. ತೋಟಕ್ಕೆ ಬಿದ್ದ ಮೇಲೆ ಅದು ತಿಂಗಳುಗಟ್ಟಲೆ ಸ್ವಲ್ಪ ಸ್ವಲ್ಪವೇ ಅಮೋನಿಯಂ ಆಗಿ ಹೊರಬರುತ್ತದೆ. ನೈಟ್ರೀಕರಣದ ಜೀವಿಗಳಿಗೆ ಒಮ್ಮೆಗೇ ದೊಡ್ಡ ಊಟ ಸಿಗುವುದಿಲ್ಲ. ಬೇರಿಗೂ ಅವಕ್ಕೂ ನಡುವೆ ಪಾಲು ಹಂಚಿಕೆಯಾಗುತ್ತದೆ.

ಗೋಬರ್ ಗ್ಯಾಸಿನ ಸ್ಲರಿಯ ಸಂಗತಿ ಬೇರೆ. ಗ್ಯಾಸಿನ ಗುಂಡಿಯೊಳಗೆ ಆಮ್ಲಜನಕ ಇಲ್ಲ. ಆಮ್ಲಜನಕ ಇಲ್ಲದೆ ಅಮೋನಿಯ ಉಣ್ಣುವವರಿಗೆ ಮೊದಲ ಹಂತವೇ ದಾಟಲಾಗದು. ಹಾಗಾಗಿ ಸ್ಲರಿಯ ಸಾರಜನಕದಲ್ಲಿ ದೊಡ್ಡ ಪಾಲು ಅಮೋನಿಯಂ ರೂಪದಲ್ಲೇ ಇರುತ್ತದೆ, ನೈಟ್ರೇಟ್ ಇಲ್ಲವೆನ್ನುವಷ್ಟು ಕಡಿಮೆ. ಪಂಪಿನಲ್ಲಿ ಎತ್ತಿ ಬುಡಕ್ಕೆ ಬಿಟ್ಟ ಮೇಲೆಯೇ ನೈಟ್ರೀಕರಣ ಶುರುವಾಗುತ್ತದೆ. ಬೇಸಿಗೆಯ ಬಿಸಿಲಲ್ಲಿ ಬರೀ ನೆಲದ ಮೇಲೆ ಸ್ಲರಿ ಹರಡಿದರೆ ಅಮೋನಿಯ ಗಾಳಿಗೆ ಹೋಗುತ್ತದೆ. ಘಾಟು ಬಂತೆಂದರೆ ಗೊಬ್ಬರ ಹೋಯಿತೆಂದೇ ಅರ್ಥ. ಸೊಪ್ಪು, ತರಗೆಲೆಯ ಮುಚ್ಚಿಗೆಯ ಅಡಿಗೆ ಬಿಟ್ಟ ಸ್ಲರಿ ಮಣ್ಣಿಗೆ ದಕ್ಕುತ್ತದೆ.

ಗದ್ದೆ ತೋಟವಾದ ಜಾಗದಲ್ಲಿ ಇನ್ನೊಂದು ಬದಲಾವಣೆ ಕಾಣುತ್ತದೆ. ಏಣೇಲು, ಸುಗ್ಗಿ ಎಂದು ಬೇಸಾಯ ನಡೆಯುತ್ತಿದ್ದ ಕಾಲದಲ್ಲಿ ನೀರು ನಿಂತ ಗದ್ದೆಯ ಕೆಸರಿಗೆ ಗಾಳಿ ಇಳಿಯುತ್ತಿರಲಿಲ್ಲ. ಮೇಲ್ಪದರದ ಕೆಲವೇ ಮಿಲಿಮೀಟರಿನಲ್ಲಿ ಮತ್ತು ಭತ್ತದ ಬೇರಿನ ಸುತ್ತ ಮಾತ್ರ ನೈಟ್ರೀಕರಣ. ಅಲ್ಲಿ ಹುಟ್ಟಿದ ನೈಟ್ರೇಟ್ ಕೆಸರಿನ ಆಳಕ್ಕಿಳಿದರೆ ಬೇರೆ ಬ್ಯಾಕ್ಟೀರಿಯಾಗಳು ಅದನ್ನು ಉಸಿರಾಟಕ್ಕೆ ಬಳಸಿ ಸಾರಜನಕದ ಅನಿಲವಾಗಿ ಗಾಳಿಗೆ ಬಿಡುತ್ತವೆ. ಭತ್ತವು ಅಮೋನಿಯಂ ರೂಪದ ಸಾರಜನಕವನ್ನೇ ಮುಖ್ಯವಾಗಿ ಉಂಡು ಬೆಳೆಯುತ್ತದೆ. ಅದೇ ಗದ್ದೆಗೆ ಅಡಿಕೆ ನೆಟ್ಟು, ಆಳದ ಕಣಿ ತೆಗೆದು ನೀರು ಬಸಿದರೆ ಮಣ್ಣಿಗೆ ಗಾಳಿ ಇಳಿಯುತ್ತದೆ, ನೈಟ್ರೀಕರಣ ಬಿರುಸಾಗುತ್ತದೆ. ಕಣಿ ಹೂಳು ತುಂಬಿ ನೀರು ನಿಂತರೆ ಮತ್ತೆ ಹಿಂದಿನ ಕಥೆ. ಮಳೆಗಾಲಕ್ಕೆ ಮೊದಲು ಕಣಿ ಬಿಡಿಸುವುದು ಬೇರು ಕೊಳೆಯದಂತೆ ತಡೆಯುವುದಕ್ಕೆ ಮಾತ್ರವಲ್ಲ, ಮಣ್ಣಿನ ಈ ಜೀವಿಗಳ ಉಸಿರಿಗೂ ಬೇಕು.

ಎಲೆ ಹಳದಿಯಾದದ್ದೆಲ್ಲ ಸಾರಜನಕದ ಕೊರತೆಯಲ್ಲ ಎಂಬುದನ್ನೂ ಇಲ್ಲೇ ಹೇಳಬೇಕು. ಸುಳ್ಯದ ಸಂಪಾಜೆ, ಅರಂತೋಡಿನ ಕಡೆ ತೋಟಗಳನ್ನೇ ನುಂಗಿದ ಹಳದಿ ಎಲೆ ರೋಗ ಫೈಟೊಪ್ಲಾಸ್ಮಾದಿಂದ ಬರುವಂಥದ್ದು. ಅದಕ್ಕೆ ಯೂರಿಯಾ ಸುರಿದರೆ ಬ್ಯಾಕ್ಟೀರಿಯಾಗಳಿಗೆ ಊಟವಾಗುತ್ತದೆ, ರೋಗ ವಾಸಿಯಾಗದು.

ಸುಣ್ಣ, ಮೈಲುತುತ್ತು, ಮಳೆ

ನೈಟ್ರೀಕರಣಕ್ಕೆ ತೆರಬೇಕಾದ ಬೆಲೆಯಲ್ಲಿ ಮೊದಲನೆಯದು ಹುಳಿ. ಒಂದು ಅಮೋನಿಯಂ ಅಯಾನ್ ನೈಟ್ರೇಟ್ ಆಗುವಾಗ ಎರಡು ಪ್ರೋಟಾನುಗಳು ಮಣ್ಣಿಗೆ ಬೀಳುತ್ತವೆ. ಯೂರಿಯಾ ಒಡೆಯುವಾಗ ಒಂದು ಪ್ರೋಟಾನ್ ಖರ್ಚಾಗುವುದರಿಂದ ನಿವ್ವಳ ಒಂದು. ಬೇರು ನೈಟ್ರೇಟನ್ನು ಹೀರಿಕೊಂಡರೆ ಈ ಹುಳಿ ಬಹುಮಟ್ಟಿಗೆ ಸರಿಹೋಗುತ್ತದೆ. ನೈಟ್ರೇಟ್ ಮಳೆಗೆ ತೊಳೆದು ಹೋದರೆ ಹುಳಿ ಮಣ್ಣಿನಲ್ಲೇ ಉಳಿಯುತ್ತದೆ. ಮರವೊಂದಕ್ಕೆ ಹಾಕಿದ 217 ಗ್ರಾಂ ಯೂರಿಯಾದ ಸಾರಜನಕವೆಲ್ಲ ನೈಟ್ರೇಟಾಗಿ ತೊಳೆದುಹೋಯಿತೆಂದು ಇಟ್ಟುಕೊಳ್ಳೋಣ. ಆ ಹುಳಿಯನ್ನು ಸರಿಪಡಿಸಲು ಸುಮಾರು 360 ಗ್ರಾಂ ಶುದ್ಧ ಸುಣ್ಣಕಲ್ಲಿನ ಪುಡಿ ಬೇಕಾಗುತ್ತದೆ. ಯೂರಿಯಾದ ಬದಲು ಅಮೋನಿಯಂ ಸಲ್ಫೇಟ್ ಹಾಕಿದ್ದರೆ ಅದರ ಇಮ್ಮಡಿ. ಎಲ್ಲವೂ ತೊಳೆದುಹೋಗುವುದಿಲ್ಲವಾದರೂ ಲೆಕ್ಕದ ದಿಕ್ಕು ಇದು. ಎರಡು–ಮೂರು ವರ್ಷಕ್ಕೊಮ್ಮೆ ಸುಣ್ಣ ಅಥವಾ ಡೋಲೊಮೈಟ್ ಹಾಕಬೇಕೆಂಬ ಸಲಹೆಯ ಹಿಂದೆ ಇರುವುದು ಈ ಲೆಕ್ಕವೇ. ಸುಣ್ಣವನ್ನೂ ಯೂರಿಯಾವನ್ನೂ ಒಟ್ಟಿಗೆ ಹಾಕಿದರೆ ಅಮೋನಿಯ ಗಾಳಿಗೆ ಹಾರುತ್ತದೆ, ಆದ್ದರಿಂದ ನಡುವೆ ಕೆಲವು ವಾರ ಬಿಡಬೇಕು.

ಎರಡನೆಯದು ತಾಮ್ರದ ವಿಚಾರ. ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಬಿಡುವ ಪದ್ಧತಿಗೆ ಮೈಸೂರು ಸಂಸ್ಥಾನದ ಕೃಷಿ ಇಲಾಖೆಯಲ್ಲಿದ್ದ ಕೆನಡಾ ಮೂಲದ ವಿಜ್ಞಾನಿ ಲೆಸ್ಲಿ ಕೋಲ್ಮನ್ 1910ರ ಸುಮಾರಿಗೆ ದಾರಿ ಹಾಕಿದರು. ನೂರು ಲೀಟರ್ ನೀರಿಗೆ ಒಂದು ಕಿಲೊ ಮೈಲುತುತ್ತು, ಒಂದು ಕಿಲೊ ಸುಣ್ಣ. ಗೊನೆಗೆ ಬಿಟ್ಟ ಮದ್ದಿನ ಒಂದು ಪಾಲು ಪ್ರತಿ ಮಳೆಗಾಲವೂ ನೆಲಕ್ಕೆ ಇಳಿಯುತ್ತದೆ. ಅಮೋನಿಯ ಉಣ್ಣುವ ಕಿಣ್ವಕ್ಕೆ ತಾಮ್ರ ಬೇಕು ನಿಜ, ಆದರೆ ಅದು ಅತ್ಯಲ್ಪ ಪ್ರಮಾಣದಲ್ಲಿ. ಹೆಚ್ಚಾದ ತಾಮ್ರ ಇದೇ ಜೀವಿಗಳಿಗೆ ವಿಷ. ಲೋಹದ ವಿಷತ್ವ ಅಳೆಯಲು ವಿಜ್ಞಾನಿಗಳು ನೈಟ್ರೀಕರಣದ ವೇಗವನ್ನೇ ಸೂಚಕವಾಗಿ ಬಳಸುವುದುಂಟು. ಮಣ್ಣು ಹುಳಿಯಾದಷ್ಟೂ ತಾಮ್ರ ಕರಗಿ ಹೆಚ್ಚು ಉಪದ್ರವ ಕೊಡುತ್ತದೆ. ಸುಣ್ಣ ಮತ್ತು ಸಾವಯವ ಅಂಶ ಅದನ್ನು ಕಟ್ಟಿಹಾಕುತ್ತವೆ. ಬೋರ್ಡೋ ಬಿಡದೆ ಅಡಿಕೆ ಉಳಿಯದ ಸೀಮೆಯಲ್ಲಿ ಸೊಪ್ಪು, ಸುಣ್ಣಗಳನ್ನು ಬಿಟ್ಟುಬಿಡುವುದು ದುಬಾರಿ ಉಳಿತಾಯ.

ಮೂರನೆಯದು ಸೋರಿಕೆ. ಅಮೋನಿಯಂ ಧನ ಅಯಾನ್, ಮಣ್ಣಿನ ಕಣಗಳು ಅದನ್ನು ಅಷ್ಟಿಷ್ಟು ಹಿಡಿದಿಡುತ್ತವೆ. ನೈಟ್ರೇಟ್ ಋಣ ಅಯಾನ್, ನೀರಿನೊಡನೆ ನಡೆದುಬಿಡುತ್ತದೆ. ಕಬ್ಬಿಣದ ಅಂಶವಿರುವ ಕೆಂಪು ಮಣ್ಣಿನ ಆಳದ ಪದರ ನೈಟ್ರೇಟನ್ನು ತುಸು ಹಿಡಿದಿಡಬಲ್ಲದು, ಆದರೆ ಅಡಿಕೆಯ ಬೇರುಗಳ ಹೆಚ್ಚಿನ ಪಾಲು ಮೇಲಿನ ಪದರದಲ್ಲಿ, ಬುಡದಿಂದ ಒಂದು ಮೀಟರಿನ ಒಳಗೇ ಇರುತ್ತದೆ. ಪತ್ತನಾಜೆ ಕಳೆದು ಮುಂಗಾರು ಬೀಳುವ ಹೊತ್ತಿಗೆ ಬುಡದಲ್ಲಿ ನೈಟ್ರೇಟ್ ತುಂಬಿದ್ದರೆ ಅದರ ದಾರಿ ಕಣಿ, ತೋಡು, ಕೊನೆಗೆ ಪಯಸ್ವಿನಿ ಅಥವಾ ಕುಮಾರಧಾರೆ. ಕುಡಿಯುವ ನೀರಿನಲ್ಲಿ ನೈಟ್ರೇಟ್ ಲೀಟರಿಗೆ 45 ಮಿಲಿಗ್ರಾಂ ಮೀರಬಾರದು ಎಂಬುದು ಭಾರತೀಯ ಮಾನಕ. ಮೀರಿದರೆ ಹಸುಗೂಸುಗಳ ರಕ್ತ ಆಮ್ಲಜನಕ ಸಾಗಿಸುವ ಶಕ್ತಿ ಕಳೆದುಕೊಳ್ಳುವ ಅಪಾಯವಿದೆ. ಕೇಂದ್ರ ಅಂತರ್ಜಲ ಮಂಡಳಿಯ ವರದಿಗಳಲ್ಲಿ ನೈಟ್ರೇಟ್ ಸಮಸ್ಯೆ ಹೆಚ್ಚಿರುವ ರಾಜ್ಯಗಳ ಸಾಲಿನಲ್ಲಿ ಕರ್ನಾಟಕವೂ ಇದೆ. ತೋಟದ ನಡುವೆಯೇ ಮನೆ, ಮನೆಯ ಬದಿಯಲ್ಲೇ ಹಟ್ಟಿ ಮತ್ತು ಬಾವಿ ಇರುವ ನಮ್ಮಲ್ಲಿ ಬಾವಿನೀರನ್ನು ಒಮ್ಮೆ ಪರೀಕ್ಷಿಸುವುದು ಒಳ್ಳೆಯದು. ಇದಲ್ಲದೆ ನೈಟ್ರೀಕರಣದ ದಾರಿಯಲ್ಲಿ ತುಸು ನೈಟ್ರಸ್ ಆಕ್ಸೈಡ್ ಕೂಡ ಹೊರಬೀಳುತ್ತದೆ. ನೂರು ವರ್ಷದ ಲೆಕ್ಕದಲ್ಲಿ ಭೂಮಿಯನ್ನು ಬಿಸಿ ಮಾಡುವುದರಲ್ಲಿ ಅದು ಇಂಗಾಲದ ಡೈಆಕ್ಸೈಡಿಗಿಂತ ಸುಮಾರು 270 ಪಟ್ಟು ಮಿಗಿಲು.

ತಡೆಯಬೇಕೆ, ಬಿಡಬೇಕೆ?

ಹಾಗಾದರೆ ಈ ಜೀವಿಗಳನ್ನು ತಡೆಯುವುದೇ ಒಳ್ಳೆಯದಲ್ಲವೇ ಎಂಬ ಯೋಚನೆ ಹೊಸದಲ್ಲ. ದೆಹಲಿಯ ಭಾರತೀಯ ಕೃಷಿ ಸಂಶೋಧನಾ ಸಂಸ್ಥೆಯಲ್ಲಿ ರಾಜೇಂದ್ರ ಪ್ರಸಾದ್ ಮತ್ತು ಸಂಗಡಿಗರು 1970ರ ದಶಕದ ಆರಂಭದಲ್ಲೇ ಬೇವಿನ ಬೀಜದ ಅಂಶಕ್ಕೆ ನೈಟ್ರೀಕರಣವನ್ನು ನಿಧಾನಗೊಳಿಸುವ ಗುಣವಿದೆ ಎಂದು ತೋರಿಸಿದ್ದರು. ಹೊಂಗೆ ಬೀಜದ ಕರಂಜಿನ್‌ಗೂ ಅದೇ ಗುಣ. 2015ರಲ್ಲಿ ಕೇಂದ್ರ ಸರಕಾರ ದೇಶದಲ್ಲಿ ತಯಾರಾಗುವ ಎಲ್ಲ ಯೂರಿಯಾಕ್ಕೂ ಬೇವಿನೆಣ್ಣೆಯ ಲೇಪ ಕಡ್ಡಾಯ ಮಾಡಿತು. ಪಣಂಬೂರಿನಲ್ಲಿ 1976ರಿಂದ ಯೂರಿಯಾ ಮಾಡುತ್ತಿರುವ ಮಂಗಳೂರು ರಸಗೊಬ್ಬರ ಕಾರ್ಖಾನೆಯ ಚೀಲಕ್ಕೂ ಇದು ಅನ್ವಯ. ಬೇವಿನ ಹಿಂಡಿ, ಹೊಂಗೆ ಹಿಂಡಿ ಹಾಕುವ ಹಳೆಯ ರೂಢಿಗೆ ಕೀಟ ತಡೆಯುವುದಲ್ಲದೆ ಈ ಸಮರ್ಥನೆಯೂ ಸಿಕ್ಕಿದೆ. ಕೆಲವು ಹುಲ್ಲುಗಳಂತೂ ಬೇರಿನಿಂದಲೇ ತಡೆಮದ್ದು ಸ್ರವಿಸುತ್ತವೆ. ಬ್ರಾಕಿಯೇರಿಯಾ ಜಾತಿಯ ಮೇವಿನ ಹುಲ್ಲಿನ ಬೇರಿನಲ್ಲಿರುವ ಅಂಥ ಪದಾರ್ಥವನ್ನು ಜಪಾನಿನ ಸಂಸ್ಥೆಯಲ್ಲಿ ದುಡಿಯುತ್ತಿದ್ದ ಜಿ.ವಿ. ಸುಬ್ಬರಾವ್ ಅವರ ತಂಡ 2009ರಲ್ಲಿ ಗುರುತಿಸಿತು.

ಆದರೆ ನಿಧಾನಿಸುವುದು ಬೇರೆ, ನಿಲ್ಲಿಸುವುದು ಬೇರೆ. ನೈಟ್ರೇಟ್ ಬೇರಿಗೆ ಸುಲಭವಾಗಿ ತಲುಪುವ ರೂಪ. ಅಮೋನಿಯ ಮಣ್ಣಿನಲ್ಲಿ ಕೂಡಿಬಿದ್ದರೆ ಎಳೆ ಬೇರಿಗೆ ವಿಷವೂ ಆದೀತು. ಕೊಳೆತದ್ದನ್ನೆಲ್ಲ ಮತ್ತೆ ಗಿಡಕ್ಕೆ ಮುಟ್ಟಿಸುವ ಚಕ್ರದಲ್ಲಿ ಈ ಜೀವಿಗಳ ಹಲ್ಲು ಕಳಚಿದರೆ ಚಕ್ರವೇ ನಿಂತೀತು. ರಬ್ಬರ್ ತೋಟದ ನೆಲ ಮುಚ್ಚಿದ ಪ್ಯುರೇರಿಯಾ, ಮುಕುನ ಬಳ್ಳಿಗಳ ಬೇರುಗಂಟಿನಲ್ಲಿ ಕಟ್ಟಿದ ಸಾರಜನಕ ಎಲೆ ಉದುರಿ ಕೊಳೆತ ಮೇಲೆ ಇವುಗಳ ಕೈಯಿಂದಲೇ ಹಾದು ಬರುತ್ತದೆ. ಬೇಕಾದದ್ದು ಇವುಗಳ ಹಸಿವನ್ನೂ ಮರದ ಹಸಿವನ್ನೂ ಹೊಂದಿಸುವುದು. ಮರ ಉಣ್ಣುವ ವೇಗದಲ್ಲೇ ಅಮೋನಿಯ ಬಂದರೆ ನೈಟ್ರೇಟ್ ಹುಟ್ಟಿದ ಹಾಗೆಯೇ ಬೇರಿಗೆ ಹೋಗುತ್ತದೆ. ಸೋರಿಕೆಯೂ ಕಡಿಮೆ, ಹುಳಿಯೂ ಕಡಿಮೆ. ವಿಟ್ಲದ ವಿಜ್ಞಾನಿಗಳು ಹನಿ ನೀರಾವರಿಯಲ್ಲೇ ಗೊಬ್ಬರ ಕರಗಿಸಿ ಕೊಡುವ ಬಗ್ಗೆ ನಡೆಸಿದ ಅಧ್ಯಯನಗಳು, ಅಡಿಕೆಯ ಸೋಗೆ–ಹಾಳೆಗಳಿಂದ ಎರೆಗೊಬ್ಬರ ಮಾಡುವ ಪ್ರಯೋಗಗಳು ಎರಡೂ ಬೇರೆ ಬೇರೆ ದಾರಿಯಿಂದ ಇದೇ ಜಾಗಕ್ಕೆ ಬರುತ್ತವೆ.

ನನ್ನ ತೀರ್ಮಾನ ಇಷ್ಟು. ವರ್ಷದ ಯೂರಿಯಾವನ್ನು ಮುಂಗಾರಿನ ಹೊಸ್ತಿಲಲ್ಲಿ ಒಮ್ಮೆಗೇ ಸುರಿಯುವುದು ಈ ಸೀಮೆಯ ಮಳೆಗೂ ಮಣ್ಣಿಗೂ ಹೇಳಿದ್ದಲ್ಲ. ಕಂತು ಮಾಡಿ ಕೊಡಬೇಕು, ದೊಡ್ಡ ಕಂತು ಮಳೆಯ ಅಬ್ಬರ ಇಳಿದ ಸೆಪ್ಟೆಂಬರ್–ಅಕ್ಟೋಬರಿನಲ್ಲಿ ಇರಲಿ. ಬುಡ ಬರಿದಾಗಿರಬಾರದು, ಕಣಿಯಲ್ಲಿ ನೀರು ನಿಲ್ಲಬಾರದು. ಸುಣ್ಣವನ್ನು ಅಂದಾಜಿಗೆ ಹಾಕದೆ ಮಣ್ಣು ಪರೀಕ್ಷೆಯ ರಸಸಾರ ನೋಡಿ ಹಾಕಬೇಕು. ಗೊಬ್ಬರದ ಅಂಗಡಿಗೆ ಹೋಗುವ ಮೊದಲು ಮಣ್ಣಿನ ಒಂದು ಪೊಟ್ಟಣ ಪ್ರಯೋಗಾಲಯಕ್ಕೆ ಹೋಗಲಿ.